ಟೆಂಟ್ ಬಟ್ಟೆಯ ಜಾಕೆಟ್

ಪಂಪ್‌ಸೆಟ್ ರಿಪೇರಿಗೆ ಏಪ್ರಿಲ್ ಬಿಸಿಲಲ್ಲೂ ಉತ್ತರಹಳ್ಳಿ ಕಡೆ ಮೋಟಾರ್‌ಸೈಕಲ್ ಓಡಿಸಬೇಕಿತ್ತು. ಚರ್ಮದ ಜಾಕೆಟ್ ಹಾಕ್ಕೊಂಡು ಬೇಯೋಕೆ ನಾನು ತಯಾರಿರಲಿಲ್ಲ. ಟೆಂಟ್ ಬಟ್ಟೆ ತಗೊಂಡು ಜಯನಗರದ ಟೈಲರ್ ಹತ್ರ ಹೋದೆ.

"ಇದ್ರಲ್ಲಿ ಜಾಕೆಟ್ ಹೊಲಿದ್ರೆ ಜನ ನಗ್ತಾರೆ ಸಾರ್," ಅಂದರು.

"ನಗಲಿ ಬಿಡಿ, ಬಿಸಿಲಲ್ಲಿ ಹೋಗೋನು ನಾನು. ಮೊಣಕೈಗೆ ಎರಡು ಪದರ ಕೊಡಿ, ಕಂಕುಳಲ್ಲಿ ಗಾಳಿಯಾಡೋಕೆ ಜಾಗ ಬಿಡಿ."

ಹೊಲಿದುಕೊಟ್ಟರು. ಆದರೆ ಎಲ್ಲರ ಕಾಲರ್ ಒಳಗೂ ಹಾಕುತ್ತಿದ್ದ ಅಂಗಡಿ ಹೆಸರಿನ ಪಟ್ಟಿ ನನ್ನದಕ್ಕೆ ಹಾಕಲಿಲ್ಲ. "ಅಂಗಡಿ ಮರ್ಯಾದೆ ಪ್ರಶ್ನೆ, ಸಾರ್."

ಮುಂದಿನ ವಾರ ಜಲ್ಲಿ ಮೇಲೆ ಜಾರಿ ಬಿದ್ದೆ. ಮೊಣಕೈ ಹತ್ರ ಬಟ್ಟೆ ಹರೀತು, ಕೈ ತರಚಲಿಲ್ಲ. ಜಾಕೆಟ್ ಕೈ ಉಳಿಸಿದ ಕಥೆ ಹೇಳಿ, ತೇಪೆ ಹಾಕೋಕೆ ಅದೇ ಟೈಲರ್‌ಗೆ ಕೊಟ್ಟೆ. ವಾಪಸ್ ತಗೊಳ್ಳೋಕೆ ಹೋದರೆ ತೇಪೆ ಮೇಲೆ, ಊರಿಗೆಲ್ಲ ಕಾಣೋ ಹಾಗೆ, ಅಂಗಡಿ ಹೆಸರಿನ ಪಟ್ಟಿ!

ಅವರ ಕತ್ತರಿಯನ್ನೇ ಇಸ್ಕೊಂಡು, ಅವರೆದುರಿಗೇ ಆ ಪಟ್ಟಿಯ ಹೊಲಿಗೆ ಬಿಚ್ಚಿದೆ. ಬಿದ್ದಿದ್ದು ನಾನು, ಬೋರ್ಡು ಅವರದಾ?