ಎಣ್ಣೆ ಹಚ್ಚಿದ ತೋಟಾ

ಗೇಟಿನ ಚಿಲಕ ಕಿರುಗುಟ್ಟುತ್ತದೆಂದು ಇವತ್ತು ಬೆಳಿಗ್ಗೆ ಹರಳೆಣ್ಣೆ ಹಚ್ಚುತ್ತ ಕೂತಿದ್ದೆ. ಹರಳೆಣ್ಣೆಯ ವಾಸನೆಗೆ ನಿಮಗೆ ಬಾಲ್ಯದ ಭೇದಿ ನೆನಪಾದೀತು. ನನಗೆ ನೆನಪಾಗುವುದು ಚಿಕ್ಕಪ್ಪನ ಮಗ ಪುಟ್ಟರಾಜು. ಎರಡೂ ಹೊಟ್ಟೆಗೆ ಸಂಬಂಧಿಸಿದ್ದೇ. ಅವನನ್ನು ಕಂಡು ನಾನು ಉರಿದುಕೊಂಡಷ್ಟು ನಮ್ಮ ಮನೆಯ ಒಲೆಯೂ ಉರಿದಿಲ್ಲ.

ಅವನು ನನಗಿಂತ ಚಿಕ್ಕವನು, ನನಗಿಂತ ಎತ್ತರ. ನೆಂಟರ ಮನೆಗೆ ಅವನು ಹೋದರೆ ಕೇಳದೆಯೇ ಕಾಫಿ ಬರುತ್ತದೆ. ನಾನು ಹೋದರೆ ‘ಕಾಫಿ ಕುಡೀತೀರಾ?’ ಎನ್ನುತ್ತಾರೆ. ಹಾಗೆ ಕೇಳಿದರೆ ಬೇಡವೆನ್ನಬೇಕಲ್ಲ! ಇಂಥದ್ದನ್ನೆಲ್ಲ ನೆನಪಿಟ್ಟುಕೊಳ್ಳುವವನು ಎಂಥ ಮನುಷ್ಯನೆಂದು ನಿಮಗೆ ಈಗಲೇ ತಿಳಿದಿರಬೇಕು.

ಅಕ್ಕಿಹೆಬ್ಬಾಳಿನಲ್ಲಿದ್ದ ನಮ್ಮ ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ಹೊಳೆದಂಡೆಯ ಕಬ್ಬಿಗೆ ನುಗ್ಗುವ ಹಂದಿಗಳನ್ನು ಬೆದರಿಸಲು ಪರವಾನಗಿ ಪಡೆದ ಹಳೆಯ ರೈಫಲೊಂದಿತ್ತು. ವಯಸ್ಸಾಯಿತೆಂದು ಅವರು ಪರವಾನಗಿಗೆ ಇನ್ನೊಬ್ಬರ ಹೆಸರು ಸೇರಿಸಲು ಹೊರಟರು. ನಾನಾಗಲೇ ನಾಗಮಂಗಲದಲ್ಲಿ ಗುಮಾಸ್ತ, ನನಗೇಕೆ ಕೋವಿ? ಆದರೂ ಆ ಹೆಸರು ನನ್ನದೇ ಆಗಬೇಕೆಂದು ರಜೆ ಹಾಕಿ ಪಾಂಡವಪುರಕ್ಕೆ ಹೋಗಿ ಬಂದೂಕು ತರಬೇತಿ ಪಡೆದೆ. ಪ್ರಮಾಣಪತ್ರ ತಂದು ದೊಡ್ಡಪ್ಪನ ಮುಂದೆ ಹಿಡಿದೆ.

“ಚೆನ್ನಾಗದೆ ಕಣ್ಲಾ. ಕಟ್ಟಾಕ್ಸಿ ಗ್ವಾಡೆಗೆ ತಗಲಾಕು” ಎಂದರು. “ಕೋವಿ ನಮ್ಮ ಪುಟ್ಟಂಗಿರ್ಲಿ.”

ಆ ‘ನಮ್ಮ’ ಎಂಬ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಆ ವರ್ಷದ ಆಯುಧಪೂಜೆ. ಕುಡುಗೋಲು, ನೇಗಿಲ ಗುಳ, ಟ್ರಾಕ್ಟರಿನ ಕೊಕ್ಕೆ, ಕಡೆಗೆ ಈಳಿಗೆಮಣೆಗೂ ಹರಳೆಣ್ಣೆ ತೀಡಿ ಕುಂಕುಮವಿಡುವುದು ಆ ಮನೆಯ ಪದ್ಧತಿ. ಪುಟ್ಟರಾಜು ಕೋವಿಗೆ ಹಚ್ಚಿದ. ಹಚ್ಚಿದ ಕೈ ನಿಲ್ಲಲಿಲ್ಲ. ಡಬ್ಬಿಯಲ್ಲಿದ್ದ ಗುಂಡಿನ ತೋಟಾಗಳನ್ನೂ ಸುರಿದುಕೊಂಡು ಒಂದೊಂದಕ್ಕೂ ಎಣ್ಣೆ ತೀಡಿ ಸಾಲಾಗಿ ನಿಲ್ಲಿಸಿದ. “ಇಂಗ್ ಮಾಡುದ್ರೆ ನುಣ್ಣುಗ್ ಓಗಿ ಕೂತ್ಕತವೆ” ಎಂದ. ದೊಡ್ಡಪ್ಪ ಹಿಗ್ಗಿ, “ನೋಡ್ಲಾ, ಎಂಗೆ ಮಿಂಚ್ತಾವೆ!” ಎಂದು ನನಗೇ ತೋರಿಸಿದರು.

ಹಾಗೆ ಮಾಡಬಾರದೆಂದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ತರಬೇತಿ ಕೊಟ್ಟ ನಿವೃತ್ತ ಹವಾಲ್ದಾರರು ತೋಟಾವನ್ನು ಬೆರಳಲ್ಲಿ ಹಿಡಿದು ಹೇಳಿದ್ದರು: “ಇದು ಒಣಗಿರ್ಬೇಕು ಸ್ವಾಮಿ. ಮದ್ದು ಸಿಡಿದಾಗ ಈ ಹಿತ್ತಾಳೆ ಉಬ್ಬಿ ನಳಿಗೆ ಗ್ವಾಡೆ ಕಚ್ಕತದೆ. ಎಣ್ಣೆ ಇದ್ರೆ ಜಾರ್ತದೆ. ಆಗ ಏಟೆಲ್ಲ ಇಂದ್ಕೆ, ನಳಿಗೆ ಮುಚ್ಚೋ ಬೋಲ್ಟಿನ ಮ್ಯಾಲೆ. ನೂರು ಸಲ ಏನೂ ಆಗ್ದೆ ಇರ್ಬೋದು. ಹಳೇ ಕೋವಿ ಒಂದ್ಸಲ ಕೈ ಕೊಟ್ರೆ ಸಾಕು. ಬೋಲ್ಟಿನ ಇಂದೆ ಇರೋದು ನಿಮ್ ಮುಖ.”

ನಾನು ಬಾಯಿ ಬಿಡಲಿಲ್ಲ. ಒಂದು ಸಲ ಕೋವಿ ಒದೆಯಲಿ, ನಾಲ್ಕು ಜನರ ಮುಂದೆ ಮಾನ ಹೋಗಲಿ, ಆಗ ‘ಓದಿದವನನ್ನು ಕೇಳಬೇಕಿತ್ತು’ ಎನ್ನುತ್ತಾರೆ ಎಂದುಕೊಂಡೆ. ಮುಖದ ವಿಷಯ ಯೋಚಿಸಲಿಲ್ಲ ಎಂದು ಬರೆದುಬಿಡಬಹುದು. ಯೋಚಿಸಿದ್ದೆ.

ಮರುದಿನ ಸಂಜೆ ಪುಟ್ಟರಾಜು ಹಂದಿ ಬೆದರಿಸಲು ಕೋವಿ ಹಿಡಿದು ನನ್ನೆದುರೇ ಹೋದ. ಹೊಲದ ಕಡೆಯಿಂದ ಢಂ ಎಂದಿತು. ನಾನು ಜಗಲಿಯ ಮೇಲಿದ್ದೆ. ಸ್ವಲ್ಪ ಹೊತ್ತಿಗೆ ಪುಟ್ಟರಾಜು ಕೋವಿ ಹೆಗಲಿಗೇರಿಸಿ ಹಾಡು ಗುನುಗುತ್ತ ಬಂದ. ಏನೂ ಆಗಿರಲಿಲ್ಲ. ನನಗೆ ನಿರಾಸೆಯಾಯಿತು.

ಅದರ ಮಾರನೆಯ ಬೆಳಿಗ್ಗೆ ಹಂದಿಗಳು ಮತ್ತೆ ಬಂದವು. ಮೂವರೂ ಓಡಿದೆವು. ಪುಟ್ಟರಾಜು ತೋಟಾ ತುಂಬಿದ. ಅಷ್ಟರಲ್ಲಿ ದೊಡ್ಡಪ್ಪ, “ಕೊಡ್ಲಾ ಇಲ್ಲಿ, ನಾನೂ ಒಂದ್ ಕೈ ನೋಡ್ತೀನಿ” ಎಂದು ಕೋವಿ ಇಸಿದುಕೊಂಡು ಕೆನ್ನೆಗೆ ಆನಿಸಿದರು.

“ದೊಡ್ಡಪ್ಪ, ಬ್ಯಾಡ! ಎಣ್ಣೆ ಅದೆ! ಮುಖುಕ್ಕೆ ಸಿಡೀತದೆ!”

ಕೂಗಿದ್ದು ನಾನೇ. ದೊಡ್ಡಪ್ಪ ಕೋವಿ ಇಳಿಸಿದರು. ಹಂದಿಗಳು ಓಡಿಹೋದವು. ಯಾವಾಗ ಗೊತ್ತಾಯಿತು ಎಂದು ಕೇಳಿದರು. ತರಬೇತಿಯಲ್ಲಿ ಎಂದೆ. ಅವರು ಪುಟ್ಟನನ್ನು ನೋಡಿ, ನನ್ನನ್ನು ನೋಡಿ, “ನೆನ್ನೆ ಇವ್ನು ಆರ್ಸಕ್ಕೋದಾಗ ಯಾಕ್ಲಾ ಕೂಗ್ನಿಲ್ಲ?” ಎಂದರು.

ಪುಟ್ಟರಾಜು ತೋಟಾಗಳನ್ನು ಹೊರತೆಗೆದು ಟವಲಿನಲ್ಲಿ ಒರೆಸುತ್ತ, “ಈಗ್ ಯೋಳುದ್ನಲ್ಲ, ಬುಡು ದೊಡ್ಡಪ್ಪ” ಎಂದ.

ದೊಡ್ಡಪ್ಪ ತೀರಿಕೊಂಡು ವರ್ಷಗಳಾದವು. ಪುಟ್ಟರಾಜು ಮಾತ್ರ ಕಂಡಕಂಡವರಿಗೆಲ್ಲ, “ಅವತ್ತು ನಮ್ಮಣ್ಣ ಕೂಗ್ದೆ ಇದ್ದಿದ್ರೆ ದೊಡ್ಡಪ್ಪನ್ ಕಣ್ಣೋಯ್ತಿತ್ತು” ಎಂದು ಹೇಳುತ್ತಲೇ ಬಂದಿದ್ದಾನೆ. ಹಿಂದಿನ ದಿನದ ಢಂ ಸದ್ದು ಅವನ ಕತೆಯಲ್ಲಿಲ್ಲ. ಅವನ ಈ ದೊಡ್ಡತನಕ್ಕೂ ನಾನು ಹೊಟ್ಟೆ ಉರಿದುಕೊಂಡೆ. ಕ್ಷಮಿಸುವುದರಲ್ಲೂ ಅವನೇ ಮುಂದೆ ಹೋಗಬೇಕೆ!

ಇವತ್ತು ಕೈ ತೊಳೆದುಕೊಂಡು ಅವನಿಗೆ ಫೋನು ಮಾಡಿದೆ.

“ಪುಟ್ಟ, ಅವತ್ತು ಸಾಯಂಕಾಲ ನಾನು ಬೇಕಂತ್ಲೇ ಸುಮ್ಕಿದ್ದೆ ಕಣ್ಲಾ.”

“ಗೊತ್ತು ಕಣಣ್ಣ” ಎಂದ. “ಅದ್ಕೇ ನೀನು ಕೂಗುದ್ದನ್ನ ಎಲ್ರುಗೂ ಯೋಳ್ಕಂಡ್ ಬಂದೆ. ಯೋಳ್ತಾ ಯೋಳ್ತಾ ನಂಗೂ ಅದೊಂದೇ ನೆಪ್ಪಲ್ಲಿ ಉಳ್ಕಳ್ಳಿ ಅಂತ.”

“ಉಳ್ಕಂತಾ?”

“ಇನ್ನೂ ಇಲ್ಲ ಕಣಣ್ಣ” ಎಂದ.