ಎಮ್ಮೆಗೆ ಬುಟ್ಟಿ ಹಿಂಡಿ, ನನಗೆ ಒಂದು ರೊಟ್ಟಿ

ನಾನು ಬೀದರ್ ಕಡೆಯಿಂದ ಮಹಾರಾಷ್ಟ್ರದ ನಿಲಂಗಾಕ್ಕೆ ಸೊಸೆಯಾಗಿ ಬಂದ ಎರಡನೆಯ ವರ್ಷ ಆ ಮನೆಯಲ್ಲಿ ಬಸುರಿಯರು ಇಬ್ಬರಿದ್ದೆವು: ನಾನು ಮತ್ತು ಹಿತ್ತಲಿನ ಎಮ್ಮೆ. ಎಮ್ಮೆಗೆ ಅತ್ತೆ ಎರಡು ಹೊತ್ತೂ ಬುಟ್ಟಿ ತುಂಬ ಹಿಂಡಿ ನೆನೆಸಿ ಇಡುತ್ತಿದ್ದರು. ಹೊಟ್ಟೆಯಲ್ಲಿ ಕರು ಬೆಳೆಯಬೇಕಲ್ಲ! ನನ್ನ ತಾಟಿಗೆ ಮಾತ್ರ ಒಂದೇ ಜೋಳದ ರೊಟ್ಟಿ. ಎರಡನೆಯದಕ್ಕೆ ಕೈ ಚಾಚಿದರೆ ರೊಟ್ಟಿ ಬುಟ್ಟಿಯನ್ನೇ ಹಿಂದಕ್ಕೆ ಸರಿಸುತ್ತಿದ್ದರು.

“ಹೊಟ್ಟಿ ತುಂಬ ಉಂಡ್ರ ಕೂಸಿಗಿ ಜಾಗ ಎಲ್ಲಿ ಉಳಿತದ? ಸಣ್ಣ ಕೂಸಿದ್ರ ಹೆರಿಗಿ ಹಗುರಾಗ್ತದ” ಅನ್ನುತ್ತಿದ್ದರು. ಎಮ್ಮೆಯ ಹೆರಿಗೆ ಯಾಕೆ ಹಗುರಾಗಬಾರದು ಅಂತ ಕೇಳುವ ಧೈರ್ಯ ಆಗ ನನಗಿರಲಿಲ್ಲ. ಈಗಿದೆ, ಆದರೆ ಎಮ್ಮೆ ಇಲ್ಲ.

ಎಮ್ಮೆಯ ಕರು ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ನಿಂತಿತು. ಅದೇ ವಾರ ಹುಟ್ಟಿದ ನನ್ನ ಮಗಳು ಎರಡು ಕಿಲೋನೂ ತೂಗಲಿಲ್ಲ. ಓಣಿಯ ಹೆಂಗಸರು ಬಂದು, ಹೆರಿಗೆ ಎಷ್ಟು ಸಲೀಸಾಯಿತು ಅಂತ ಅತ್ತೆಯನ್ನೇ ಹೊಗಳಿ ಹೋದರು. ಹೆತ್ತವಳು ನಾನು.

ಮಗಳು ಬೆಳೆದಳು, ಉಸಿರು ಬೆಳೆಯಲಿಲ್ಲ. ಶಾಲೆಯ ಮೈದಾನದಲ್ಲಿ ಅರ್ಧ ಓಡಿ ಕುಕ್ಕರಗಾಲಲ್ಲಿ ಕೂತುಬಿಡುವಳು. ತೊಗರಿ ಸುಗ್ಗಿಯಲ್ಲಿ ಮಾರ್ಕೆಟ್ಟಿನ ಧೂಳೆದ್ದರೆ ಎದೆ ಸುಂಯ್‌ಗುಡುತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲ ರೋಗಕ್ಕೂ ಒಂದೇ ಔಷಧ, ಏನನ್ನಾದರೂ ತಿನ್ನುವುದನ್ನು ಬಿಡಿಸುವುದು. ಮೊದಲು ಬಾಳೆಹಣ್ಣು ಬಿಡಿಸಿದರು, ಆಮೇಲೆ ಮೊಸರು, ಆಮೇಲೆ ಶೇಂಗಾ. ಉಸಿರಾಡುವುದೊಂದನ್ನು ಬಿಡಿಸಲಿಲ್ಲ, ಪುಣ್ಯ.

ಹತ್ತು ವರ್ಷದವಳಿದ್ದಾಗ ಉದಗೀರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಅವರು ಮಗಳಿಂದ ಒಂದು ನಳಿಗೆಗೆ ಮೂರು ಸಲ ಊದಿಸಿದರು. ಯಂತ್ರದಿಂದ ಬಂದ ಕಾಗದ ನೋಡಿ, ಹುಟ್ಟುವಾಗಿನ ತೂಕ ಕೇಳಿದರು. ಬಸುರಿದ್ದಾಗ ತಾಯಿ ಏನು ಉಣ್ಣುತ್ತಿದ್ದಳು ಅಂತ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೆಮ್ಮೆಯಿಂದ ಅಂದರು: “ಒಂದರ ಮ್ಯಾಲ ಎರಡನೇ ರೊಟ್ಟಿ ಕೊಟ್ಟಿಲ್ಲರೀ ಡಾಕ್ಟರ್ ಸಾಹೇಬ್ರ!”

ಡಾಕ್ಟರರು ಪೆನ್ನು ಕೆಳಗಿಟ್ಟರು. “ಆಜಿ, ಹೊಟ್ಯಾಗ ಕೂಸಿಗಿ ಕಮ್ಮಿ ಬಿದ್ರ, ಬಂದದ್ದು ಮದಲ ಮೆದುಳಿಗಿ ಹೋಗ್ತದ. ಫುಫ್ಫುಸ, ಅಂದ್ರ ಶ್ವಾಸಕೋಶ, ಹಿಂದ ಉಳಿತದ. ಗಾಳಿ ಹೋಗೋ ನಳಿಗಿ ಸಣ್ಣ ಆಗ್ತಾವ, ಗಾಳಿ ತುಂಬೋ ಚೀಲ ಕಮ್ಮಿ ಆಗ್ತಾವ. ಹುಟ್ಟಿದ ಮ್ಯಾಲ ಎಷ್ಟ ಉಣಸಿದ್ರೂ ಎಲ್ಲಾ ವಾಪಸ್ ಬರಂಗಿಲ್ಲ. ಊಟ ಒಂದೇ ಕಾರಣ ಅನ್ನಂಗಿಲ್ಲ ನಾ. ಮಾಸು ಸರಿ ಇಲ್ಲಂದ್ರೂ, ಬೀಪಿ ಇದ್ರೂ ಹಿಂಗ ಆಗ್ತದ.”

ಅತ್ತೆಗೆ ಕೊನೆಯ ಮಾತೊಂದೇ ಕೇಳಿಸಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸಿಗೆ, “ಈಕಿಗಿ ಬೀಪಿ ಇತ್ತಂತರೀ” ಅಂದರು. ನನಗೆ ಬೀಪಿ ಇರಲಿಲ್ಲ. ಆ ಬಸ್ಸಿನಲ್ಲಿ ಬಂತು. ಆಮೇಲೆ ವರ್ಷಗಟ್ಟಲೆ ಅವರನ್ನು ನಾನು ಕ್ಷಮಿಸಲಿಲ್ಲ. ಸುಳ್ಳು ಯಾಕೆ ಹೇಳಲಿ.

ಈ ಚಳಿಗಾಲ ಅದೇ ಮಗಳು ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಳು. ಎಂಟನೆಯ ತಿಂಗಳು. ಹೊಟ್ಟೆ ಎದೆಗೆ ಒತ್ತಿ, ನಾಲ್ಕು ತುತ್ತಿಗೊಮ್ಮೆ ಉಣ್ಣುವುದು ನಿಲ್ಲಿಸಿ ಉಸಿರು ಎಳೆದುಕೊಳ್ಳುವಳು. ಕೂಸು ದೊಡ್ಡದಾದರೆ ಈ ಎದೆಯಲ್ಲಿ ಹೇಗೆ ಹೆರುತ್ತಾಳೆ ಅಂತ ನನಗೆ ಭಯ. ಒಂದು ಮಧ್ಯಾಹ್ನ ಅವಳು ಇನ್ನೊಂದು ರೊಟ್ಟಿಗೆ ಕೈ ಚಾಚಿದಳು.

“ಸಾಕಲ್ಲೇನವ್ವ” ಅಂದೆ.

ಅಂದದ್ದು ನಾನೇ. ನನ್ನ ಕೈ ಆಗಲೇ ಬುಟ್ಟಿಯನ್ನು ಹಿಂದಕ್ಕೆ ಸರಿಸಿತ್ತು.

ಬಾಗಿಲ ಬಳಿ ಕೂತಿದ್ದ ಅತ್ತೆಗೆ ಈಗ ಕಣ್ಣು ಮಂಜು. ಬುಟ್ಟಿ ಸರಿದ ಸಪ್ಪಳ ಮಾತ್ರ ಗುರುತು ಸಿಕ್ಕಿತು. ಗೋಡೆ ಹಿಡಿದು ಎದ್ದು ಬಂದರು, ತಡಕಾಡಿ ಬುಟ್ಟಿಯನ್ನು ಮೊಮ್ಮಗಳ ಮುಂದಕ್ಕೆ ದಬ್ಬಿದರು.

“ನಿನಗ ಬೀಪಿ ಇದ್ದಿಲ್ಲವ್ವ, ನನಗ ಗೊತ್ತದ” ಅಂದರು. “ನಾ ಮಾಡಿದ್ದು ನನ್ನ ಸಂಗಟ ಮಣ್ಣಿಗಿ ಹೋಗ್ಲಿ. ನೀ ಯಾಕ ಎತ್ತಿ ಇಟಗೋತಿ? ಎಮ್ಮಿಗಿ ಇಟ್ಟಷ್ಟರ ಇಡು.”

ನಾನು ಎರಡು ರೊಟ್ಟಿ ಇಟ್ಟೆ. ಮಗಳು ನಡುನಡುವೆ ನಿಲ್ಲಿಸಿ ಉಸಿರೆಳೆದುಕೊಂಡು ಎರಡನ್ನೂ ಉಂಡಳು. ಅಷ್ಟು ಹೊತ್ತೂ ಅತ್ತೆ ಬುಟ್ಟಿಯ ಮೇಲಿನ ಕೈ ತೆಗೆಯಲಿಲ್ಲ.