ಆಯಿಗೆ ಕೊಟ್ಟ ಸುರ

ನನ್ನ ಆಯಿ, ಅಂದರೆ ಅಮ್ಮ, ಹಾಡು ಕಲಿಯಲು ಶುರುಮಾಡಿದ್ದು ಅವಳ ನಲವತ್ತೆರಡನೇ ವಯಸ್ಸಿನಲ್ಲಿ. ಆಗ ನನಗೆ ಹದಿನೇಳು. ಎಂಟು ವರ್ಷದಿಂದ ನಾನು ಕಲಿಯುತ್ತಿದ್ದೆ, ಎರಡು ಪರೀಕ್ಷೆ ಪಾಸಾಗಿದ್ದೆ. ನಮ್ಮ ಕೇರಿಯಲ್ಲಿ ಹಾಡುವವಳು ಎಂದರೆ ನಾನೊಬ್ಬಳೇ. ಮನೆಯಲ್ಲಿ ಇನ್ನೊಬ್ಬರು ಹಾಡಬಹುದು ಎನ್ನುವುದು ನನ್ನ ತಲೆಗೇ ಬಂದಿರಲಿಲ್ಲ.

ನಮ್ಮ ಮನೆ ಕಾರವಾರದ ಪಕ್ಕದ ಚಿತ್ತಾಕುಲದಲ್ಲಿ. ಅಪ್ಪ ಬೈತಖೋಲ ಬಂದರದಲ್ಲಿ ಟ್ರಾಲರಿನ ಮೇಲೆ ಹೋಗುತ್ತಿದ್ದ. ಆಯಿ ಬೆಳಗಾಗುವ ಮೊದಲೇ ಎದ್ದು ಬಂದರಕ್ಕೆ ಹೋಗಿ ಮೀನು ಕೊಂಡು ತಂದು ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಕೂಡ್ರುತ್ತಿದ್ದಳು. ಮಧ್ಯಾಹ್ನದ ಮೇಲೆ ಉಳಿದದ್ದನ್ನು ಬುಟ್ಟಿಯಲ್ಲಿಟ್ಟುಕೊಂಡು ಓಣಿ ಓಣಿ ತಿರುಗುತ್ತಿದ್ದಳು. "ಬಂಗಡೆ ಬೇಕನ ಬಂಗಡೇ" ಎಂದು ಅವಳು ಕೂಗಿದರೆ ಮೂರನೇ ಓಣಿಯ ಬೆಕ್ಕು ಎದ್ದು ಬರುತ್ತದೆ ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ. ಅವಳದು ದಪ್ಪ ಗಂಟಲು, ಗಂಡಸರ ಧ್ವನಿಯ ಪಕ್ಕದಲ್ಲೇ ಕೂತಂಥದು.

ವಾರಕ್ಕೆ ಎರಡು ದಿನ, ಕಾಲೇಜು ಮುಗಿದ ಮೇಲೆ, ನಾನು ಕಾಜುಬಾಗದ ಅಕ್ಕೋರ ಮನೆಗೆ ಹಾಡು ಕಲಿಯಲು ಹೋಗುತ್ತಿದ್ದೆ. ಅಕ್ಕೋರು ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಬಿಳಿ ಕೂದಲು, ತೋಳಿಲ್ಲದ ಕುರ್ಚಿ, ಮುಂದೊಂದು ಹಳೆಯ ಹಾರ್ಮೋನಿಯಂ. ಐದರ ಸುಮಾರಿಗೆ ಆಯಿ ಖಾಲಿ ಬುಟ್ಟಿ ಹಿಡಿದು ನನ್ನನ್ನು ಕರೆದೊಯ್ಯಲು ಬರುತ್ತಿದ್ದಳು. ಇಬ್ಬರೂ ಕೂಡಿ ಬಸ್ಸು ಹಿಡಿದು ಕಾಳಿ ಸೇತುವೆ ದಾಟಿ ಮನೆಗೆ. ಆದರೆ ಆಯಿ ಎಂದೂ ಒಳಗೆ ಬರುತ್ತಿರಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂಡ್ರುತ್ತಿದ್ದಳು. "ಮೈಯೆಲ್ಲ ಮೀನಿನ ವಾಸನೆ" ಅನ್ನುತ್ತಿದ್ದಳು. ಅವಳು ಹೊರಗೇ ಇರುವುದು ನನಗೂ ಬೇಕಾಗಿತ್ತು. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಹಾಗೇ ಇತ್ತು.

ಒಂದು ಮಳೆಗಾಲದ ಸಂಜೆ ಅಕ್ಕೋರು ನನಗೆ ಭೀಮಪಲಾಸ ರಾಗ ಹೇಳಿಕೊಡುತ್ತಿದ್ದರು. ಕೆಳಗಿನ ನಿಷಾದದಿಂದ ಗಾಂಧಾರಕ್ಕೆ ಜಾರಿ ಬರುವ ಒಂದು ತುಣುಕು ನನ್ನ ಗಂಟಲಲ್ಲಿ ಕೂಡ್ರಲೊಲ್ಲದು. ಹತ್ತು ಸಲ ಹೇಳಿದರು. ಹತ್ತು ಸಲವೂ ನಾನು ಸ್ವರದಿಂದ ಸ್ವರಕ್ಕೆ ಕಪ್ಪೆಯ ಹಾಗೆ ಹಾರಿದೆ. ಹನ್ನೊಂದನೇ ಸಲ ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಹೊರಗಿನಿಂದ ಯಾರೋ ಅದೇ ತುಣುಕನ್ನು ಗುನುಗಿದರು. ಎಣ್ಣೆ ಹುಯ್ದ ಹಾಗೆ ಜಾರಿ ಬಂದಿತ್ತು.

ಅಕ್ಕೋರು ಹಾರ್ಮೋನಿಯಂ ನಿಲ್ಲಿಸಿದರು. "ಯಾರದು?"

"ಆಯಿ" ಎಂದೆ.

ಅವರೇ ಎದ್ದು ಬಾಗಿಲಿಗೆ ಹೋದರು. "ಒಳಗೆ ಬಾರೆ."

"ಬೇಡ ಅಕ್ಕೋರೆ, ಮೀನಿನ ಬುಟ್ಟಿ ಅದೆ."

"ನಾವೂ ಮೀನು ತಿನ್ನೋರೇ. ಬಾ, ಕೂಡ್ರು. ಈಗ ಹೇಳಿದ್ದನ್ನ ಮತ್ತೊಮ್ಮೆ ಹೇಳು."

ಆಯಿ ಸೀರೆಯ ಸೆರಗನ್ನು ಹಿಂಡಿಕೊಂಡು, ಒದ್ದೆ ಕಾಲು ಒರಸಿಕೊಂಡು, ಚಾಪೆಯ ಅಂಚಿನಲ್ಲಿ ಕೂತು ಹೇಳಿದಳು. ಅಕ್ಕೋರು ಕಣ್ಣು ಮುಚ್ಚಿ ಕೇಳಿದರು. ಎಂಟು ವರ್ಷದಲ್ಲಿ ನನಗಾಗಿ ಅವರು ಒಮ್ಮೆಯೂ ಕಣ್ಣು ಮುಚ್ಚಿದ್ದಿಲ್ಲ. ನನ್ನ ಹಾಡು ಮುಗಿದಾಗ "ಶುದ್ಧ ಇದೆ" ಅನ್ನುತ್ತಿದ್ದರು, ಲೆಕ್ಕ ತಿದ್ದಿದ ಹಾಗೆ. ಎದೆಯೊಳಗೆ ಏನೋ ಕುಟುಕಿತು. ಅದಕ್ಕೆ ಹೆಸರು ಹೊಟ್ಟೆಕಿಚ್ಚು ಎಂದು ಗೊತ್ತಾಗಲು ನನಗೆ ಬಹಳ ದಿನ ಬೇಕಾಗಲಿಲ್ಲ.

ಮುಂದಿನ ವಾರದಿಂದ ಆಯಿಗೂ ಪಾಠ ಶುರುವಾಯಿತು. ನನ್ನದು ಮುಗಿದ ಮೇಲೆ ಅವಳದು. ಹದಿನೈದು ನಿಮಿಷ ಎಂದು ಶುರುವಾದದ್ದು ಮುಕ್ಕಾಲು ಗಂಟೆಗೆ ಏರಿತು. ಆಯಿಗೆ ಸ್ವರ ಬರೆದುಕೊಳ್ಳಲು ಬರುತ್ತಿರಲಿಲ್ಲ. ಬರೆದುಕೊಡುವ ಕೆಲಸ ನನ್ನದು. ಆದರೆ ನಾನು ಬರೆದು ಮುಗಿಸುವುದರೊಳಗೆ ಅವಳಿಗೆ ಬಾಯಿಪಾಠವಾಗಿರುತ್ತಿತ್ತು. "ಇದ್ನ ಮತ್ತೆ ಎಂತಕ್ಕೆ ಬರೀತ್ಯೆ?" ಎಂದು ನಿಜಕ್ಕೂ ಅರ್ಥವಾಗದೆ ಕೇಳುತ್ತಿದ್ದಳು. ನಾನು ಪೆನ್ನು ಮುಚ್ಚಿ ಕಿಟಕಿಯ ಆಚೆ ನೋಡುತ್ತಿದ್ದೆ.

ಮನೆಯಲ್ಲಿ ಇನ್ನೂ ಕಷ್ಟ. ನಾನು ಅಭ್ಯಾಸಕ್ಕೆ ಕೂತರೆ ಅಪ್ಪ ಟಿವಿಯ ದನಿ ಏರಿಸುತ್ತಿದ್ದ. ಅದಕ್ಕೆ ನಾನು ಎಂದೂ ಬೇಸರ ಮಾಡಿಕೊಂಡಿರಲಿಲ್ಲ, ಸಂಗೀತ ಅವನಿಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಈಗ ಆಯಿ ಹಿತ್ತಲಲ್ಲಿ ಶೆಟ್ಲಿ, ಅಂದರೆ ಸೀಗಡಿ, ಸುಲಿಯುತ್ತ ಹಾಡಿಕೊಂಡರೆ ಅಪ್ಪ ರಿಮೋಟ್ ಹುಡುಕಿ ಟಿವಿಯನ್ನೇ ಆರಿಸಿ ಹಿತ್ತಲ ಹೊಸ್ತಿಲ ಮೇಲೆ ಹೋಗಿ ಕೂಡ್ರತೊಡಗಿದ. ಒಮ್ಮೆಯಂತೂ ಅವನೂ ಒಂದು ಹಿಡಿ ಶೆಟ್ಲಿ ತೆಗೆದುಕೊಂಡು ಸುಲಿಯತೊಡಗಿದ. ನಾನು ಒಳಗೆ ಪುಸ್ತಕ ಹಿಡಿದು ಕೂತು, ಆಯಿ ಎಲ್ಲಿ ತಾಳ ತಪ್ಪುತ್ತಾಳೆ ಎಂದು ಬೆರಳು ಮಡಚಿ ಎಣಿಸುತ್ತಿದ್ದೆ. ತಪ್ಪಿದರೆ ಸಮಾಧಾನ. "ಆಯೀ, ಹನ್ನೆರಡನೇ ಮಾತ್ರೆಗೆ ಬಂದೆ" ಎಂದು ಒಳಗಿಂದಲೇ ಕೂಗುತ್ತಿದ್ದೆ. "ಹೌದನ? ತಡಿ, ಮತ್ತೊಮ್ಮೆ ನೋಡ್ತೆ" ಎಂದು ಅವಳು ಖುಷಿಯಿಂದಲೇ ತಿದ್ದಿಕೊಳ್ಳುತ್ತಿದ್ದಳು. ನಾನು ಸಹಾಯ ಮಾಡುತ್ತಿದ್ದೇನೆ ಎಂದೇ ಅವಳ ನಂಬಿಕೆ.

ಹೀಗೆ ಒಂದು ವರ್ಷ ಹೋಯಿತು. ಮರುವರ್ಷ ಗಣೇಶ ಚೌತಿಯಲ್ಲಿ ಪೇಟೆಯ ಒಂದು ಪೆಂಡಾಲಿನಲ್ಲಿ ಅಕ್ಕೋರ ಶಿಷ್ಯರ ಹಾಡಿನ ಕಾರ್ಯಕ್ರಮವಿತ್ತು. ಹಾಡುವವರು ನಾವಿಬ್ಬರೇ, ಮೊದಲು ನಾನು, ಕೊನೆಗೆ ಆಯಿ. ಕೊನೆಗೆ ಹಾಡುವವರೇ ದೊಡ್ಡವರು ಎನ್ನುವುದು ಯಾರಿಗೆ ಗೊತ್ತಿಲ್ಲ? ಅಕ್ಕೋರಿಗೆ ಮೊಣಕಾಲು ನೋವು ಹೆಚ್ಚಾಗಿ ಮನೆಯಿಂದ ಹೊರಡಲಾಗದೆ, ಹಾರ್ಮೋನಿಯಂ ಸಾಥಿಗೆ ನನಗೇ ಕೂಡ್ರಲು ಹೇಳಿದರು. ಶ್ರುತಿ ಕೊಡುವ ಕರೆಂಟಿನ ಪೆಟ್ಟಿಗೆ ತಂಬೂರಿಯೂ ನನ್ನ ಕೈಯಲ್ಲೇ.

ನಾನು ಹಾಡುವುದು ಕರಿ ಐದರ ಸುರದಲ್ಲಿ, ಅಂದರೆ ಹಾರ್ಮೋನಿಯಂನ ಐದನೇ ಕಪ್ಪು ಮನೆ, ಏರು ಸುರ. ಆಯಿಯದು ಕರಿ ಮೂರು, ಬಹಳ ಕೆಳಗೆ. ತಬಲಾದವರಿಗೆ ಇದು ಗೊತ್ತಿದ್ದುದರಿಂದ ಎರಡು ಸುರಕ್ಕೆ ಎರಡು ತಬಲಾ ತಂದಿದ್ದರು. ನನ್ನ ಹಾಡು ಮುಗಿಯಿತು. ಚಪ್ಪಾಳೆ ಬಿತ್ತು, ಸಭ್ಯ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಮಾರ್ಕೆಟ್ಟಿನ ಹೆಂಗಸರೆಲ್ಲ ಅಬ್ಬಲಿಗೆ ಮುಡಿದು ಆಯಿಗಾಗಿ ಕಾದು ಕೂತಿದ್ದರು. ನಾನು ಹಾಡುವಾಗ ಅವರು ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು. ಆಯಿ ಹೊಸ ಹಸಿರು ಸೀರೆ ಉಟ್ಟು ಬಂದು ಕೂತ ಕೂಡಲೇ ಗಪ್‌ಚಿಪ್ಪಾದರು. ಅಪ್ಪ ಕಂಬಕ್ಕೆ ಒರಗಿ ನಿಂತವನು ಮುಂದೆ ಬಂದ.

ತಬಲಾದವರು ಎರಡನೇ ತಬಲಾಕ್ಕೆ ಕೈ ಹಾಕಿದರು.

"ಅದು ಬೇಡ," ಎಂದೆ ನಾನು. "ಇವತ್ತು ಆಯಿ ಕರಿ ಐದರಲ್ಲೇ ಹೇಳ್ತಾಳೆ."

"ಹೌದನ? ಏರಾಗ್ತದಲ್ಲ?"

"ಅಭ್ಯಾಸ ಮಾಡ್ಯಾಳೆ."

ಅವರು ಭುಜ ಕುಣಿಸಿ ಮೊದಲಿನದನ್ನೇ ಇಟ್ಟುಕೊಂಡರು. ಆಯಿ ಸೆರಗು ಸರಿಮಾಡಿಕೊಳ್ಳುತ್ತ ಜನರನ್ನು ನೋಡುತ್ತಿದ್ದಳು. ಅವಳಿಗೆ ಕೇಳಿಸಲಿಲ್ಲ. ಇದು ಮೊದಲೇ ಯೋಚಿಸಿದ್ದಲ್ಲ. ಆದರೆ ಬಾಯಿಂದ ಬಂದ ಮೇಲೆ ತಿರುಗಿಸಿಕೊಳ್ಳಲು ಬೇಕಾದಷ್ಟು ಹೊತ್ತಿತ್ತು, ನಾನು ತಿರುಗಿಸಿಕೊಳ್ಳಲಿಲ್ಲ. ನಾನು ಷಡ್ಜ ಹಿಡಿದೆ. ಆಯಿ ನನ್ನ ಮುಖ ನೋಡಿ, ನಂಬಿ, ಅದೇ ಸುರ ಹಿಡಿದಳು.

ಅಭಂಗದ ಮೊದಲ ಸಾಲು ಹೇಗೋ ದಾಟಿತು. ಕುತ್ತಿಗೆಯ ನರ ಉಬ್ಬಿದ್ದು ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು. ಎರಡನೇ ಚರಣ ಮೇಲಿನ ಷಡ್ಜಕ್ಕೆ ಏರಬೇಕು. ಏರಲು ಹೋದಳು. ಧ್ವನಿ ಒಡೆಯಿತು. ಮತ್ತೆ ಹೋದಳು, ಮತ್ತೆ ಒಡೆಯಿತು. ಹಿಂದೆ ಯಾರೋ ಕಿಸಕ್ಕೆಂದರು. ಮೂರನೇ ಸಲ ಧ್ವನಿಯೇ ಬರಲಿಲ್ಲ. ಬರೀ ಗಾಳಿ. ಆಯಿ ಎರಡು ಕೈ ಜೋಡಿಸಿ "ತಪ್ಪಾತು, ಗಂಟಲು ಬಿತ್ತು" ಎಂದು ಮೈಕಿನಲ್ಲಿ ಹೇಳಿ ಎದ್ದು ಹೋದಳು. ತಬಲಾ ಇನ್ನೂ ಎರಡು ಪೆಟ್ಟು ಬಾರಿಸಿ ನಿಂತಿತು.

ಬಸ್ಸಿನಲ್ಲಿ ಅಪ್ಪ "ಥಂಡಿ ಆಗಿರಬೇಕು" ಅಂದ.

ಅವಳು ಪಾಠ ಬಿಟ್ಟಳು. "ಗಿರಾಕಿ ಬಹಳ, ಪುರಸೊತ್ತಿಲ್ಲ" ಎಂದಳು. ಸಂಜೆ ನನ್ನನ್ನು ಕರೆಯಲೂ ಬರುತ್ತಿರಲಿಲ್ಲ. ಸುಳ್ಳು ಹೇಳಬಾರದು, ಮೊದಲ ಎರಡು ವಾರ ನನಗೆ ಹಾಯೆನಿಸಿತು. ಅಕ್ಕೋರು ಪೂರ್ತಿ ನನ್ನವರು. ಆಮೇಲೆ ಮನೆ ಬೇರೆಯಾಗತೊಡಗಿತು. ಆಯಿ ಹಿತ್ತಲಲ್ಲಿ ಸುಮ್ಮನೆ ಮೀನು ಕೊಯ್ಯುತ್ತಿದ್ದಳು, ಅಪ್ಪ ಟಿವಿ ಹಚ್ಚಿ ಅದನ್ನೂ ನೋಡದೆ ಕೂತಿರುತ್ತಿದ್ದ. ಒಂದು ದಿನ ನಾನು ಅಭ್ಯಾಸ ಮಾಡುವಾಗ ಅವನು ದನಿ ಏರಿಸಲಿಲ್ಲ. ಕೇಳುತ್ತಿದ್ದಾನೆಂದು ಹಿಗ್ಗಿ ತಿರುಗಿ ನೋಡಿದರೆ ಅವನು ಹಿತ್ತಲ ಬಾಗಿಲ ಕಡೆ ಮುಖ ಮಾಡಿದ್ದ.

ಡಿಸೆಂಬರಿನಲ್ಲಿ ಅಕ್ಕೋರಿಗೆ ತಬಲಾದವರು ಪೇಟೆಯಲ್ಲಿ ಸಿಕ್ಕರಂತೆ. "ಕೊನೆಗೆ ಹಾಡಿದ ನಿಮ್ಮ ಶಿಷ್ಯೆಗೆ ಕರಿ ಐದು ಯಾಕೆ ಹೇಳಿಕೊಟ್ರಿ?" ಎಂದು ಕೇಳಿದರಂತೆ. ಆ ದಿನ ನಾನು ಹೋದಾಗ ಹಾರ್ಮೋನಿಯಂ ಮುಚ್ಚಿತ್ತು.

"ಗೊತ್ತಾಗದೆ ಮಾಡ್ದ್ಯಾ, ಗೊತ್ತಿದ್ದು ಮಾಡ್ದ್ಯಾ?" ಎಂದರು.

ಗೊತ್ತಾಗದೆ ಎನ್ನಬಹುದಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಗೊತ್ತಿದ್ದು" ಎಂದೆ.

ಅವರು ಬೈಯಲಿಲ್ಲ. "ನಿನ್ನ ಆಯಿಗೆ ನಾನು ಹೇಳೂದಿಲ್ಲ. ನೀನು ಹೇಳಿ ಬಾ. ಅಲ್ಲಿತನಕ ಈ ಮನೆಗೆ ಬರಬೇಡ."

ನಾನು ನೇರವಾಗಿ ಮಾರ್ಕೆಟ್ಟಿಗೆ ಹೋದೆ. ಮನೆಗೆ ಹೋದರೆ ಹೇಳಲಾರೆ ಎಂದು ಗೊತ್ತಿತ್ತು. ಆಯಿ ಒಬ್ಬರಿಗೆ ಇಸ್ವಾಣ ಮೀನು ತುಂಡು ಮಾಡಿಕೊಡುತ್ತಿದ್ದಳು. ಗಿರಾಕಿ ಹೋಗುವ ತನಕ ನಿಂತೆ. ಆಮೇಲೆ ಒಂದೇ ಉಸಿರಿಗೆ ಹೇಳಿದೆ: ನಿನ್ನ ಗಂಟಲು ಬಿದ್ದದ್ದಲ್ಲ, ಸುರ ನಾನು ಏರಿಸಿ ಕೊಟ್ಟೆ, ಬೇಕಂತಲೇ ಕೊಟ್ಟೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ಎಷ್ಟು ಏರಿಸ್ದೆ?"

"ನಂದೇ ಸುರ ಕೊಟ್ಟೆ."

ಕತ್ತಿಯನ್ನು ಹಲಗೆಯ ಮೇಲಿಟ್ಟಳು. ಹೊಡೆಯುತ್ತಾಳೆಂದುಕೊಂಡೆ. ಹೊಡೆದಿದ್ದರೆ ಚಲೋ ಇತ್ತು. ಪಕ್ಕದಲ್ಲಿ ಕೂತ ಹೆಂಗಸರೆಲ್ಲ ನೋಡುತ್ತಿದ್ದರು.

"ನಂಗೆ ಬರೂದೇ ಇಲ್ಲ ಅಂದ್ಕಂಡೆ," ಎಂದಳು. "ಮೂರು ತಿಂಗಳು. ಮೀನು ಮಾರೋಳಿಗೆ ಎಂತಕ್ಕೆ ಬೇಕಿತ್ತು ಇದು ಅಂತ ದಿನಾ ಅಂದ್ಕಂಡೆ. ಕೂಗೂಕೂ ನಾಚಿಕೆ ಆಗ್ತಿತ್ತು ನಂಗೆ, ಓಣಿಯಲ್ಲಿ ಕೂಗೂಕೂ. ಅದ್ನ ಯಾರು ಕೊಡ್ತ್ರು ತಿರುಗಿ? ನೀ ಕೊಡ್ತ್ಯಾ?"

"ಹೋಗು ಮನೆಗೆ," ಎಂದು ಅವಳು ಮತ್ತೆ ಕತ್ತಿ ಎತ್ತಿಕೊಂಡಳು.

ಹತ್ತಿರ ಹತ್ತಿರ ಒಂದು ತಿಂಗಳು ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಊಟ ಬಡಿಸುತ್ತಿದ್ದಳು, ಸಾರು ಬೇಕೋ ಎಂದು ಕೇಳುತ್ತಿರಲಿಲ್ಲ. ಅಪ್ಪನಿಗೆ ಹೇಳಲಿಲ್ಲ, ಅದು ಅವಳ ದೊಡ್ಡತನ. ಆದರೆ ಮರುವಾರವೇ ಅಕ್ಕೋರ ಮನೆಗೆ ಹೋಗಿ ಬಿಟ್ಟಿದ್ದ ಪಾಠ ಮತ್ತೆ ಹಿಡಿದು, ದಿನ ಬದಲಿಸಿಕೊಂಡು ಬಂದಳು. ನನ್ನ ದಿನಗಳಂದು ಅಲ್ಲ, ಶನಿವಾರ, ಒಬ್ಬಳೇ. ನನ್ನ ಹತ್ತಿರ ಸ್ವರ ಬರೆಸಿಕೊಳ್ಳುವುದು ನಿಂತಿತು. ನನ್ನನ್ನು ಸಾಥಿಗೆ ಅವಳು ಮತ್ತೆಂದೂ ಕೂಡ್ರಿಸಿಕೊಳ್ಳಲಿಲ್ಲ. ಕ್ಷಮೆ ಕೇಳಿದೆ, ಹಲವು ಸಲ. "ಆತು ಬಿಡು" ಅನ್ನುತ್ತಿದ್ದಳು. ಬಿಟ್ಟಿದ್ದಾಳೆ ಎಂದು ನನಗೆ ಅನ್ನಿಸುತ್ತಿರಲಿಲ್ಲ.

ನನ್ನ ಹಾಡು ಮೂರನೇ ಪರೀಕ್ಷೆಗೆ ಮುಗಿಯಿತು. ಯಾರೂ ಬಿಡಿಸಲಿಲ್ಲ. ಡಿಗ್ರಿಯಾದ ಮೇಲೆ ಅಂಕೋಲೆಯ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಬೆಳಗಿನ ಬಸ್ಸು, ಸಂಜೆಯ ಬಸ್ಸು, ಅಭ್ಯಾಸ ತಾನಾಗಿ ಕಳಚಿತು. ನನ್ನ ಧ್ವನಿ ಶುದ್ಧವಾಗಿತ್ತು, ಅಷ್ಟೇ ಇತ್ತು. ಅದನ್ನು ಒಪ್ಪಿಕೊಂಡ ದಿನ ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಆಯಿ ಮಾತ್ರ ಬೆಳೆಯುತ್ತಲೇ ಹೋದಳು. ಕಾರವಾರದ ಭಜನೆಗಳಲ್ಲಿ, ಮನೆಮನೆಯ ಪೂಜೆಗಳಲ್ಲಿ ಅವಳನ್ನು ಕರೆಯತೊಡಗಿದರು. ಮಾರ್ಕೆಟ್ಟು ಬಿಡಲಿಲ್ಲ. "ಹಾಡು ಹಾಡಿನ ಜಾಗಕ್ಕೆ, ಬಂಗಡೆ ಬಂಗಡೆ ಜಾಗಕ್ಕೆ" ಅನ್ನುತ್ತಿದ್ದಳು.

ಚೌತಿಯ ಆ ಹಾಡಿಗೆ ಹತ್ತು ವರ್ಷವಾಗುತ್ತ ಬಂದಾಗ ಅವಳ ತವರೂರು, ಅಂಕೋಲೆಯ ಪಕ್ಕದ ಕೇಣಿಯಿಂದ ಕರೆ ಬಂತು. ಭಾನುವಾರ ಮಧ್ಯಾಹ್ನ, ದೇವಸ್ಥಾನದ ಮುಂದೆ ಶಾಮಿಯಾನ ಹಾಕಿ ಹೆಂಗಸರ ಭಜನಾ ಮಂಡಳಿಯವರು ಏರ್ಪಡಿಸಿದ್ದು. ಅಪ್ಪ ಸಮುದ್ರಕ್ಕೆ ಹೋಗಿದ್ದ. ನಾನು ಜೊತೆಗೆ ಹೋದೆ, ಅವಳ ನೀರಿನ ಬಾಟಲಿ ಹಿಡಿದು. ಚಾಪೆಯ ಮೇಲೆ ಜನರ ನಡುವೆ ಕೂತೆ. ಆಚೆ ಮರಳಿನ ಮೇಲೆ ತಾರ್ಲೆ ಮೀನು ಒಣಹಾಕಿದ್ದರು, ಅದರ ವಾಸನೆ ಬೀಸಿ ಬರುತ್ತಿತ್ತು.

ಆಯಿ ಭೀಮಪಲಾಸದಲ್ಲಿ ಶುರುಮಾಡಿದಳು. ಐವತ್ತು ದಾಟಿದ ಗಂಟಲು ಇನ್ನೂ ದಪ್ಪಗಾಗಿತ್ತು. ಅವಳ ಜೊತೆ ಚಿಕ್ಕಂದಿನಲ್ಲಿ ಚಿಪ್ಪಿ ಹೆಕ್ಕಿದ ಮುದುಕಿಯರು ಬಾಯಿ ತೆರೆದು ಕೇಳುತ್ತಿದ್ದರು. ನನ್ನ ಪಕ್ಕದ ಹೆಂಗಸು ಮೊಣಕೈಯಿಂದ ತಿವಿದು ಕೇಳಿದಳು: "ನಿನ್ನ ಆಯಿಯ? ನೀನೂ ಹಾಡ್ತ್ಯ?"

"ಇಲ್ಲ," ಎಂದೆ. "ಕಲಿತಿದ್ದೆ."

ಆಗಲೂ ಬಂತು ಅದು, ಎದೆಯೊಳಗಿನ ಆ ಕುಟುಕು. ಇಷ್ಟು ವರ್ಷದಲ್ಲಿ ಹೋಗಿರಬಹುದು ಎಂದುಕೊಂಡಿದ್ದೆ. ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಯಾವುದಕ್ಕೆ ಯಾವುದು ಎಂದು ಬಿಡಿಸಲು ಹೋಗಲಿಲ್ಲ.

ತಿರುಗಿ ಬರುವಾಗ ಅಂಕೋಲೆಯಿಂದ ಕಾರವಾರದ ಬಸ್ಸು ಅರ್ಧ ಖಾಲಿಯಿತ್ತು. ಆಯಿ ಕಿಟಕಿಯ ಪಕ್ಕ ಕೂತು ಚಪ್ಪಲಿ ಬಿಚ್ಚಿ ಕಾಲು ನೀಡಿದಳು. ಸ್ವಲ್ಪ ದೂರ ಹೋದ ಮೇಲೆ ಕೇಳಿದಳು: "ಹೆಂಗಾತು?"

"ಚಲೋ ಹೇಳ್ದೆ ಆಯಿ. ಬಹಳ ಚಲೋ."

ಅವಳು ನನ್ನ ಕಡೆ ತಿರುಗಿದಳು. "ಹೊಟ್ಟೆಕಿಚ್ಚು ಆತನ?"

ಇಲ್ಲ ಎನ್ನಲು ಬಾಯಿ ತೆರೆದವಳು "ಆತು" ಎಂದೆ.

ಆಯಿ ಜೋರಾಗಿ ನಕ್ಕಳು. ಕಂಡಕ್ಟರ್ ತಿರುಗಿ ನೋಡುವಷ್ಟು ಜೋರಾಗಿ. ಆಮೇಲೆ ಸೆರಗಿನ ಗಂಟು ಬಿಚ್ಚಿ, ಕೇಣಿಯಲ್ಲಿ ಕೊಟ್ಟಿದ್ದ ಪ್ರಸಾದದ ಲಾಡನ್ನು ಎರಡು ಮಾಡಿ ದೊಡ್ಡ ತುಂಡು ತಾನಿಟ್ಟುಕೊಂಡು ಚಿಕ್ಕದನ್ನು ನನ್ನ ಕೈಗೆ ಹಾಕಿದಳು.